ಗೌರವ ಸೇವೆಯ ಆಡಳಿತ ಮಂಡಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಶಾಲೆ, ವಸತಿ ನಿಲಯ, ವಾಚನಾಲಯ, ವೃದ್ಧಾಶ್ರಮ, ಮಹಿಳಾ ಮಂಡಳ, ಸಂಗೀತ ಸಭೆ ಮುಂತಾದವನ್ನು ನಡೆಸುವ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಸಂಬಳವಿಲ್ಲದೆ ಸೇವೆ ಸಲ್ಲಿಸುತ್ತಿರುವವರಿಗಾಗಿ, ಸಲ್ಲಿಸಲು ಒಪ್ಪಿಕೊಳ್ಳುವ ಮೊದಲು ಯೋಚಿಸುತ್ತಿರುವವರಿಗಾಗಿ ಈ ಉತ್ತರಗಳನ್ನು ಬರೆದಿದ್ದೇನೆ. ಯಾದಗಿರಿ ಕಡೆಯ ಒಂದು ಸಂಘದಲ್ಲಿ 11 ವರ್ಷ ಕಾಲ, ಮೊದಲು ಸದಸ್ಯನಾಗಿ, ಬಳಿಕ ಖಜಾಂಚಿಯಾಗಿ ಇದ್ದಾಗ ನನಗೆ ಎದುರಾದ ಪ್ರಶ್ನೆಗಳೂ, ಆಮೇಲೆ ಬೇರೆ ಸಂಸ್ಥೆಗಳ ಸದಸ್ಯರು ನನ್ನನ್ನು ಕೇಳಿದ ಪ್ರಶ್ನೆಗಳೂ ಇದರಲ್ಲಿ ಸೇರಿವೆ. ನಿಮ್ಮ ಸಂಸ್ಥೆಯ ಮಟ್ಟಿಗೆ ಕೊನೆಯ ಮಾತು ನಿಮ್ಮ ನಿಯಮಾವಳಿಯದು. ಅದರ ಒಂದು ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಹೆಚ್ಚು ಉಪಯೋಗವಾದೀತು.

ಆಡಳಿತ ಮಂಡಳಿಯ ಕೆಲಸ ನಿಜವಾಗಿ ಯಾವುದು?

ಸಂಸ್ಥೆ ಯಾವ ಉದ್ದೇಶಕ್ಕಾಗಿ ಹುಟ್ಟಿತೋ ಆ ಉದ್ದೇಶದಿಂದ ಅದು ದೂರ ಸರಿಯದಂತೆ ನೋಡಿಕೊಳ್ಳುವುದು, ಹಣ ಎಲ್ಲಿಂದ ಬಂತು ಮತ್ತು ಯಾವುದಕ್ಕೆ ಹೋಯಿತು ಎಂಬುದನ್ನು ತಿಳಿದಿರುವುದು, ಕೆಲಸ ನಡೆಸುವ ಮುಖ್ಯಸ್ಥರನ್ನು ನೇಮಿಸಿ ಅವರ ಬೆನ್ನಿಗೆ ನಿಲ್ಲುವುದು ಮತ್ತು ವರ್ಷಕ್ಕೊಮ್ಮೆ ಅವರ ಕೆಲಸವನ್ನು ಮನಬಿಚ್ಚಿ ಪರಿಶೀಲಿಸುವುದು, ಜಮೀನು ಕೊಳ್ಳುವಂತಹ, ಸಾಲ ಎತ್ತುವಂತಹ, ಹೊಸ ಶಾಖೆ ತೆರೆಯುವಂತಹ ದೊಡ್ಡ ನಿರ್ಧಾರಗಳನ್ನು ಕೂಡಿ ಚರ್ಚಿಸಿ ಠರಾವು ಮಾಡುವುದು: ಮಂಡಳಿಯ ಕೆಲಸ ಇಷ್ಟರಲ್ಲಿ ಬಂತು. ಹೇಳುವುದಕ್ಕೆ ಇದು ಸಣ್ಣದಾಗಿ ಕಂಡರೂ, ನಮ್ಮ ಭಾಗದ ಸಂಸ್ಥೆಗಳಲ್ಲಿ ಎರಡು ವಿರುದ್ಧ ಬಗೆಯ ತಪ್ಪುಗಳು ಪದೇ ಪದೇ ಆಗುತ್ತವೆ. ಕೆಲವು ಮಂಡಳಿಗಳ ಸದಸ್ಯರು ವರ್ಷಕ್ಕೊಮ್ಮೆ ಬಂದು, ಹಾರ ಹಾಕಿಸಿಕೊಂಡು, ತೋರಿಸಿದ ಜಾಗದಲ್ಲಿ ಸಹಿ ಮಾಡಿ ಹೋಗುತ್ತಾರೆ. ಇನ್ನು ಕೆಲವು ಮಂಡಳಿಗಳ ಸದಸ್ಯರು ಯಾವ ಶಿಕ್ಷಕಿ ಎಷ್ಟು ಹೊತ್ತಿಗೆ ಬಂದರು, ಅಡುಗೆಯವರು ಎಷ್ಟು ಕೆಜಿ ತೊಗರಿಬೇಳೆ ಹಾಕಿದರು ಎಂಬುದನ್ನೆಲ್ಲ ತಾವೇ ವಿಚಾರಿಸುತ್ತಾರೆ, ಆದರೆ ಎರಡು ವರ್ಷದಿಂದ ಲೆಕ್ಕಪರಿಶೋಧನೆ ಆಗಿಲ್ಲ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಎರಡೂ ಕಡೆ ಮಂಡಳಿ ತನ್ನ ಜಾಗದಲ್ಲಿ ಕುಳಿತಿಲ್ಲ.

ಸಂಬಳವಿಲ್ಲದೆ ದುಡಿಯುವವರ ಮೇಲೆ ಇಷ್ಟು ಹೊಣೆ ಹೊರಿಸುವುದು ನ್ಯಾಯವೇ?

ಸಂಬಳವಿಲ್ಲದಿರುವುದರಿಂದಲೇ ಆ ಜಾಗಕ್ಕೆ ಬೆಲೆಯಿದೆ ಎಂದು ನಾನು ತಿಳಿದಿದ್ದೇನೆ. ಸಂಸ್ಥೆಯಿಂದ ತನಗೆ ಬರಬೇಕಾದದ್ದು ಏನೂ ಇಲ್ಲದ ವ್ಯಕ್ತಿ ಮಾತ್ರ ಮುಖ್ಯಸ್ಥರನ್ನೂ, ದಾನಿಗಳನ್ನೂ, ತನ್ನ ಸಹ ಸದಸ್ಯರನ್ನೂ ನಿರ್ಭಯವಾಗಿ ಪ್ರಶ್ನಿಸಬಲ್ಲ. ಆದರೆ ಗೌರವ ಸೇವೆ ಎಂಬ ಕಾರಣಕ್ಕೆ ಕಾನೂನು ಹೊಣೆಯನ್ನು ಮನ್ನಾ ಮಾಡುವುದಿಲ್ಲ. ನಮಗೇನು ಪಗಾರ ಕೊಡುತ್ತಾರಾ ಎಂಬ ಮಾತನ್ನು ನಾನು ಅನೇಕ ಸಭೆಗಳಲ್ಲಿ ಕೇಳಿದ್ದೇನೆ. ಸಮಯ ಕೊಡಲು ಆಗದವರು ದಾನ ಕೊಡಬಹುದು, ಕಾರ್ಯಕ್ರಮಗಳಿಗೆ ಕೈಜೋಡಿಸಬಹುದು, ಅದೂ ಸೇವೆಯೇ. ಮಂಡಳಿಯ ಕುರ್ಚಿಯನ್ನು ಮಾತ್ರ ಸಮಯ ಇರುವವರಿಗೆ ಬಿಟ್ಟುಕೊಡಬೇಕು.

ಸಂಘ, ಟ್ರಸ್ಟ್, ಕಂಪನಿ ಎಂಬ ರೂಪಗಳಲ್ಲಿ ಮಂಡಳಿಯ ಸ್ಥಾನ ಬೇರೆ ಬೇರೆಯೇ?

ಹೌದು, ಮತ್ತು ಈ ವ್ಯತ್ಯಾಸ ತಿಳಿಯದೆ ಎಷ್ಟೋ ಜಗಳಗಳು ಹುಟ್ಟುತ್ತವೆ. ನಮ್ಮಲ್ಲಿನ ಹೆಚ್ಚಿನ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಣಿಯಾಗಿವೆ. ಇದಕ್ಕೆ ಕನಿಷ್ಠ 7 ಜನ ಸೇರಬೇಕು. ಸಂಘದಲ್ಲಿ ಮೇಲಿನ ಅಧಿಕಾರ ಸರ್ವಸದಸ್ಯರ ಸಭೆಯದು. ಮಂಡಳಿಯನ್ನು ಆರಿಸುವುದು ಆ ಸಭೆ, ಮಂಡಳಿ ಲೆಕ್ಕ ಒಪ್ಪಿಸಬೇಕಾದದ್ದೂ ಆ ಸಭೆಗೇ. ವಾರ್ಷಿಕ ಸಭೆ ನಡೆದ 14 ದಿನಗಳೊಳಗೆ ಮಂಡಳಿಯ ಸದಸ್ಯರ ಪಟ್ಟಿಯನ್ನು ಪರಿಶೋಧಿತ ಲೆಕ್ಕಪತ್ರದ ಜೊತೆಗೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು ಕಾಯ್ದೆ ಹೇಳುತ್ತದೆ.

ಟ್ರಸ್ಟ್ ಹಾಗಲ್ಲ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಪತ್ರವೇ ಅದಕ್ಕೆ ಆಧಾರ, ಸಾಮಾನ್ಯವಾಗಿ ಅಲ್ಲಿ ಸರ್ವಸದಸ್ಯರ ಸಭೆ ಎಂಬುದು ಇರುವುದಿಲ್ಲ, ಟ್ರಸ್ಟಿಗಳನ್ನು ಮೇಲಿನಿಂದ ಕೇಳುವವರು ಇಲ್ಲದಿರುವುದರಿಂದ ಅವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಇನ್ನಷ್ಟು ಅಗತ್ಯ. ಟ್ರಸ್ಟಿ ತನ್ನ ಹೊಣೆಯನ್ನು ಮತ್ತೊಬ್ಬರಿಗೆ ಸುಮ್ಮನೆ ವಹಿಸಿಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿನಲ್ಲಿ ನಂಬಿಕೆಗೆ ದ್ರೋಹವಾದಾಗ, ಅದರಲ್ಲಿ ಹಿತಾಸಕ್ತಿಯಿರುವ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ ದಾವೆ ಹೂಡಬಹುದು. 2013ರ ಕಂಪನಿ ಕಾಯ್ದೆಯ 8ನೇ ಕಲಂ ಪ್ರಕಾರ ಸ್ಥಾಪಿಸಿದ ಲಾಭರಹಿತ ಕಂಪನಿಗಳು ನಮ್ಮ ಜಿಲ್ಲೆಗಳಲ್ಲಿ ಕಡಿಮೆ. ಅವುಗಳ ನಿರ್ದೇಶಕರಿಗೆ ಕಂಪನಿ ಕಾನೂನಿನ ಕಟ್ಟುಪಾಡುಗಳು ಅನ್ವಯಿಸುತ್ತವೆ.

ಸಂಸ್ಥೆಯನ್ನು ಕಟ್ಟಿದವರು ಮಂಡಳಿಯಲ್ಲಿದ್ದಾರೆ. ಸಂಸ್ಥೆ ಅವರದೇ ಅಲ್ಲವೇ?

ಅಲ್ಲ. ಕಟ್ಟಿದವರ ಋಣ ದೊಡ್ಡದು, ಅದನ್ನು ಯಾರೂ ಮರೆಯಬಾರದು. ಆದರೆ ನೋಂದಣಿಯಾದ ದಿನದಿಂದ ಸಂಸ್ಥೆಯ ಆಸ್ತಿ ಅದರ ಉದ್ದೇಶಕ್ಕೆ ಸೇರಿದ್ದು. ಸಂಘವನ್ನು ವಿಸರ್ಜಿಸಿದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಕಲಬುರಗಿಯ ನೂತನ ವಿದ್ಯಾಲಯ 1907ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಆರಂಭವಾಯಿತು. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ ಮಹಾದೇವಪ್ಪ ರಾಂಪೂರೆಯವರ ಮುಂದಾಳತ್ವದಲ್ಲಿ ಹುಟ್ಟಿತು. ಸಂಸ್ಥಾನ ಹೋಗಿ, ಗಡಿಗಳು ಬದಲಾಗಿ, ಊರಿನ ಹೆಸರು ಗುಲ್ಬರ್ಗದಿಂದ ಕಲಬುರಗಿಯಾಗಿ, 2009ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಗಿ ಇಷ್ಟೆಲ್ಲ ಆದ ಮೇಲೂ ಇಂತಹ ಸಂಸ್ಥೆಗಳು ತಮ್ಮ ಸ್ಥಾಪಕರ ಆಯುಷ್ಯವನ್ನು ದಾಟಿ ಉಳಿದಿವೆ.

ದಾಸೋಹದ ನೆಲದಲ್ಲಿ ಇದನ್ನು ವಿವರಿಸುವುದು ಕಷ್ಟವಾಗಬಾರದು. ಕೊಟ್ಟದ್ದರ ಮೇಲೆ ಕೊಟ್ಟವನ ಒಡೆತನ ಉಳಿಯುವುದಿಲ್ಲ ಎಂಬುದು ಶರಣಬಸವೇಶ್ವರರ ದಾಸೋಹವನ್ನು ಕಂಡ ಊರಿಗೆ ಹೊಸ ಮಾತಲ್ಲ. ಸ್ಥಾಪಕರು ಬದುಕಿರುವಾಗಲೇ, ಅವರ ಕೈಯಿಂದಲೇ, ಮುಂದಿನ ಅಧ್ಯಕ್ಷರಿಗೆ ಅಧಿಕಾರ ದಾಟಿದರೆ ಸಂಸ್ಥೆ ಗಟ್ಟಿಯಾಗುತ್ತದೆ. ಮಗನಿಗೋ ಅಳಿಯನಿಗೋ ದಾಟಲೇಬಾರದು ಎಂದಲ್ಲ; ಅವರು ಅರ್ಹರಿದ್ದರೆ ನಿಯಮಾವಳಿಯಲ್ಲಿ ಹೇಳಿದ ಆಯ್ಕೆಯ ದಾರಿಯಿಂದ ಬರಲಿ, ಮನೆಯ ಹಿಂಬಾಗಿಲಿನಿಂದ ಬೇಡ.

ದಿನನಿತ್ಯದ ಕೆಲಸದಲ್ಲಿ ಸದಸ್ಯರು ಎಷ್ಟರ ಮಟ್ಟಿಗೆ ಕೈ ಹಾಕಬೇಕು?

ಸಂಬಳದ ಮುಖ್ಯಸ್ಥರು, ಅಂದರೆ ಮುಖ್ಯೋಪಾಧ್ಯಾಯರೋ, ಕಾರ್ಯಕ್ರಮ ಸಂಯೋಜಕರೋ, ಇರುವ ಕಡೆ ಅವರ ಕೈಕೆಳಗಿನ ನೌಕರರಿಗೆ ಸದಸ್ಯರು ನೇರವಾಗಿ ಆಜ್ಞೆ ಮಾಡಬಾರದು. ಒಬ್ಬ ನೌಕರನಿಗೆ 9 ಜನ ಸದಸ್ಯರು ಒಡೆಯರಾದರೆ ಅವನು ಯಾರ ಮಾತು ಕೇಳಬೇಕು? ಅವನು ಹೆಚ್ಚು ಪ್ರಭಾವವಿರುವವರ ಮಾತು ಕೇಳುತ್ತಾನೆ, ಮುಖ್ಯಸ್ಥರ ಮಾತಿಗೆ ಬೆಲೆಯಿಲ್ಲದಂತಾಗುತ್ತದೆ, ಮುಂದೆ ಕೆಲಸ ಕೆಟ್ಟಾಗ ಮುಖ್ಯಸ್ಥರನ್ನು ಕೇಳುವ ನೈತಿಕ ಹಕ್ಕು ಮಂಡಳಿಗೂ ಉಳಿಯುವುದಿಲ್ಲ. ಸದಸ್ಯರ ಅಧಿಕಾರ ಸಭೆಯಲ್ಲಿ ಕೂಡಿ ಕುಳಿತಾಗ ಮಾತ್ರ ಇರುತ್ತದೆ. ಸಭೆಯಿಂದ ಎದ್ದು ಹೊರಬಂದ ಸದಸ್ಯ, ಸಭೆಯೇ ಅವರಿಗೆ ಒಂದು ಕೆಲಸ ವಹಿಸಿರದ ಹೊರತು, ಊರಿನ ಉಳಿದ ಹಿತೈಷಿಗಳಂತೆ ಒಬ್ಬ ಹಿತೈಷಿ.

ಎಲ್ಲಿ ಗೆರೆ ಎಳೆಯಬೇಕೆಂದು ಕೇಳಿದರೆ ನಾನು ವಸತಿ ನಿಲಯದ ಉದಾಹರಣೆ ಕೊಡುತ್ತೇನೆ. ಮಕ್ಕಳ ಊಟಕ್ಕೆ ತಿಂಗಳಿಗೆ ಎಷ್ಟು ಹಣ ಇಡಬೇಕು, ಖರೀದಿಗೆ ಎಷ್ಟು ಅಂಗಡಿಗಳಿಂದ ದರಪಟ್ಟಿ ತರಿಸಬೇಕು, ಊಟದ ಗುಣಮಟ್ಟ ಹೇಗಿರಬೇಕು ಎಂಬುದನ್ನು ಮಂಡಳಿ ತೀರ್ಮಾನಿಸಬೇಕು. ಮಂಗಳವಾರ ರೊಟ್ಟಿಯೋ ಅನ್ನವೋ, ಸಂತೆಯಿಂದ ಯಾವ ಪಲ್ಯ ತರಬೇಕು ಎಂಬುದು ನಿಲಯದ ಮೇಲ್ವಿಚಾರಕರಿಗೆ ಬಿಟ್ಟದ್ದು. ಆದರೆ ಮಂಡಳಿಯ ಇಬ್ಬರು ಸದಸ್ಯರು ತಿಂಗಳಿಗೊಮ್ಮೆ ಮುನ್ಸೂಚನೆ ಕೊಡದೆ ಹೋಗಿ ಮಕ್ಕಳ ಪಂಕ್ತಿಯಲ್ಲಿ ಕುಳಿತು ಊಟ ಮಾಡಿ ಬರುವುದು ಹಸ್ತಕ್ಷೇಪವಲ್ಲ, ಅದು ಕರ್ತವ್ಯ. ಅಲ್ಲಿ ಕಂಡ ಕೊರತೆಯನ್ನು ಅಡುಗೆಯವರ ಮೇಲೆ ರೇಗಿ ಹೇಳದೆ, ಬರೆದು ಸಭೆಯ ಮುಂದೆ ಇಡಬೇಕು.

ನಮ್ಮದು ಸಣ್ಣ ಸಂಘ, ಸಿಬ್ಬಂದಿಯೇ ಇಲ್ಲ. ಆಗಲೂ ಇದೆಲ್ಲ ಅನ್ವಯವೇ?

ಚಿಂಚೋಳಿಯ ಅಥವಾ ಔರಾದಿನ ಒಂದು ಹಳ್ಳಿಯ ಯುವಕ ಸಂಘದಲ್ಲಿ ನಿರ್ಧಾರ ಮಾಡುವವರೂ ಅವರೇ, ಕುರ್ಚಿ ಹೊರುವವರೂ ಅವರೇ. ಅದರಲ್ಲಿ ತಪ್ಪಿಲ್ಲ. ಕುರ್ಚಿ ಹೊರುವಾಗ ತಾನು ಕಾರ್ಯಕರ್ತ, ಸಭೆಯಲ್ಲಿ ಕುಳಿತಾಗ ಲೆಕ್ಕಕ್ಕೆ ಹೊಣೆಯಾದ ಸದಸ್ಯ ಎಂಬ ಅರಿವಿದ್ದರೆ ಸಾಕು. ವ್ಯತ್ಯಾಸ ಬೇಕಾದದ್ದು ಹಣದ ವಿಷಯದಲ್ಲಿ ಮಾತ್ರ: ಖರ್ಚು ಮಾಡಿದವರೇ ಆ ಖರ್ಚಿನ ವೋಚರಿಗೆ ಮಂಜೂರಾತಿ ಸಹಿ ಹಾಕಬಾರದು.

ಸಭೆ ಎಷ್ಟು ಸಲ ಸೇರಬೇಕು, ನಡಾವಳಿಯಲ್ಲಿ ಏನನ್ನು ಬರೆಯಬೇಕು?

ನಿಯಮಾವಳಿಯಲ್ಲಿ ಹೇಳಿದಷ್ಟು ಸಲ ಸೇರಲೇಬೇಕು. ಮೂರು ತಿಂಗಳಿಗೊಮ್ಮೆ ಸೇರದಿದ್ದರೆ ಮಂಡಳಿಗೆ ಸಂಸ್ಥೆಯ ಸ್ಥಿತಿ ತಿಳಿಯುವುದು ಕಷ್ಟ ಎಂಬುದು ನನ್ನ ಅನುಭವ. ನೋಟಿಸು ಮುಂಚಿತವಾಗಿ ಹೋಗಬೇಕು, ಅದರ ಜೊತೆಗೆ ವಿಷಯಸೂಚಿಯೂ ಹಿಂದಿನ ತಿಂಗಳುಗಳ ಜಮಾ-ಖರ್ಚಿನ ಪಟ್ಟಿಯೂ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವಾಗ, ಸಂಘದ ಸಭೆಯನ್ನು ಮಧ್ಯಾಹ್ನ ಮೂರಕ್ಕೆ ಕರೆದು ಕೋರಂ ಆಗಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಕರೆಯಿರಿ.

ನಡಾವಳಿಯಲ್ಲಿ ಬಂದವರ ಹೆಸರು, ಬಾರದವರ ಹೆಸರು, ಚರ್ಚೆಗೆ ಬಂದ ವಿಷಯ, ಆದ ಠರಾವು, ಅದನ್ನು ಮಾಡಬೇಕಾದವರು ಮತ್ತು ಗಡುವು ಇರಬೇಕು. ಒಬ್ಬ ಸದಸ್ಯ ಭಿನ್ನಾಭಿಪ್ರಾಯ ಹೇಳಿದ್ದರೆ ಅದನ್ನು ಅವರ ಹೆಸರಿನೊಂದಿಗೆ ಬರೆಯಬೇಕು. ಸರ್ವಾನುಮತದಿಂದ ಎಂಬ ಪದ ಪ್ರತಿ ಪುಟದಲ್ಲೂ ಇರುವ ನಡಾವಳಿ ಪುಸ್ತಕವನ್ನು ಕಂಡರೆ ನನಗೆ ಆತಂಕವಾಗುತ್ತದೆ, ಏಕೆಂದರೆ 9 ಜನ ವಿಚಾರವಂತರು ಐದು ವರ್ಷ ಒಂದೇ ಒಂದು ವಿಷಯದಲ್ಲೂ ಭಿನ್ನವಾಗಿ ಯೋಚಿಸದಿರುವುದು ಸಾಧ್ಯವಿಲ್ಲ. ಬೀದರಿನ ಕಡೆ ಮಂಡಳಿಯಲ್ಲಿ ಉರ್ದು, ಮರಾಠಿ, ತೆಲುಗು ಮನೆಮಾತಿನವರೂ ಇರುತ್ತಾರೆ. ನಡಾವಳಿ ಕನ್ನಡದಲ್ಲಿದ್ದರೂ ಸಹಿಗೆ ಮೊದಲು ಅದನ್ನು ಓದಿ ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳುವ ರೂಢಿ ಇಟ್ಟುಕೊಳ್ಳುವುದು ಒಳ್ಳೆಯದು.

ಸಭೆ ಸೇರದೆ, ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಪಡೆಯಬಹುದೇ?

ಬೇಡ. ನಡೆಯದ ಸಭೆ ನಡೆಯಿತೆಂದು ಬರೆದರೆ ಅದು ಸುಳ್ಳು ದಾಖಲೆ.

ನನಗೆ ಲೆಕ್ಕಪತ್ರ ಅರ್ಥವಾಗುವುದಿಲ್ಲ. ಖಜಾಂಚಿ, ಸಿ.ಎ. ಇಬ್ಬರೂ ಇರುವಾಗ ನಾನೇಕೆ ನೋಡಬೇಕು?

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಬೊಕ್ಕಸದ ಹಣವನ್ನು ಜಂಗಮರಿಗೆ ಕೊಡುತ್ತಿದ್ದಾರೆಂಬ ದೂರು ಹೋಯಿತು, ಬೊಕ್ಕಸ ತೆರೆದು ಎಣಿಸಿದಾಗ ಹಣ ಕಡಿಮೆಯಿರಲಿಲ್ಲ ಎಂಬ ಕಥೆಯನ್ನು ನಮ್ಮ ಭಾಗದಲ್ಲಿ ಕೇಳದವರಿಲ್ಲ. ಅದನ್ನು ಪವಾಡವೆಂದು ಹೇಳುವುದು ವಾಡಿಕೆ. ಖಜಾಂಚಿಯಾಗಿದ್ದ ವರ್ಷಗಳಲ್ಲಿ ನನಗೆ ಆ ಕಥೆಯ ಇನ್ನೊಂದು ಭಾಗ ಮುಖ್ಯವಾಗಿ ಕಂಡಿತು: ಕೇಳಿದಾಗ ಬೊಕ್ಕಸವನ್ನು ತೆರೆಯಲಾಯಿತು. ಲೆಕ್ಕ ಕೇಳುವುದು ಅಪನಂಬಿಕೆಯೆಂದು ಬಸವಣ್ಣನವರ ಊರಿನವರಾದ ನಾವು ಭಾವಿಸುವುದು ಸರಿಯಲ್ಲ. ಪ್ರಾಮಾಣಿಕ ಖಜಾಂಚಿಗೆ ಲೆಕ್ಕ ಕೇಳುವ ಮಂಡಳಿಗಿಂತ ದೊಡ್ಡ ರಕ್ಷಣೆಯಿಲ್ಲ. ನಾಳೆ ಯಾರಾದರೂ ಆರೋಪ ಮಾಡಿದರೆ ಅವನ ಪರವಾಗಿ ನಿಲ್ಲುವುದು ಆ ನಡಾವಳಿಯ ಪುಟಗಳೇ.

ಅರ್ಥವಾಗುವುದಿಲ್ಲ ಎಂಬುದು ಹೆಚ್ಚಾಗಿ ಸಂಕೋಚದ ಮಾತು. ಮನೆ ನಡೆಸುವವರಿಗೆ ಜಮಾ-ಖರ್ಚು ಅರ್ಥವಾಗುತ್ತದೆ. ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಿ. ಇವತ್ತಿನ ಬ್ಯಾಂಕ್ ಪಾಸ್‌ಬುಕ್ಕಿನ ಶಿಲ್ಕೂ ನಮ್ಮ ಕ್ಯಾಶ್‌ಬುಕ್ಕಿನ ಶಿಲ್ಕೂ ತಾಳೆಯಾಗುತ್ತವೆಯೇ, ಆಗದಿದ್ದರೆ ಏಕೆ? ನಾವು ಯಾರಿಗೆ ಬಾಕಿ ಕೊಡಬೇಕಿದೆ, ಅದರಲ್ಲಿ ನೌಕರರ ಸಂಬಳವೂ ಭವಿಷ್ಯ ನಿಧಿಯೂ ಸೇರಿದೆಯೇ? ಒಂದು ಕೆಲಸಕ್ಕೆಂದು ಬಂದ ದೇಣಿಗೆ ಇನ್ನೊಂದಕ್ಕೆ ಖರ್ಚಾಗಿದೆಯೇ? ಮುಂದಿನ ಆರು ತಿಂಗಳಿಗೆ ಹಣವಿದೆಯೇ? ಕೊನೆಯ ಪ್ರಶ್ನೆ ನಮ್ಮ ಭಾಗದಲ್ಲಿ ಬಹಳ ಮುಖ್ಯ. ರೈತರು ಕೊಡುವ ದೇಣಿಗೆ ತೊಗರಿ ಮಾರಾಟವಾದ ಮೇಲೆ, ಜನವರಿ-ಫೆಬ್ರವರಿಯ ಹೊತ್ತಿಗೆ ಬರುತ್ತದೆ. ಶಾಲೆಯ ಖರ್ಚು ಜೂನಿನಲ್ಲಿ ಏರುತ್ತದೆ. ಮಳೆ ಕೈಕೊಟ್ಟ ವರ್ಷ ದೇಣಿಗೆಯೂ ಕೈಕೊಡುತ್ತದೆ. ಮುಂಗಡಪತ್ರ ಮಾಡದ ಮಂಡಳಿ ಆಗಸ್ಟಿನಲ್ಲಿ ಸಂಬಳಕ್ಕೆ ಸಾಲ ಹುಡುಕುತ್ತದೆ.

ಸಿ.ಎ. ಮಾಡುವ ಲೆಕ್ಕಪರಿಶೋಧನೆ ಇದಕ್ಕೆ ಬದಲಿಯಲ್ಲ. ಅವರು ವರ್ಷ ಮುಗಿದ ಮೇಲೆ, ಕೊಟ್ಟ ಕಾಗದಗಳನ್ನು ನೋಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಅವರನ್ನು ಮಂಡಳಿಯ ಸಭೆಗೆ ಕರೆದು, ಕಾರ್ಯದರ್ಶಿ ಮತ್ತು ಖಜಾಂಚಿ ಹೊರಗಿರುವಾಗ, ನಿಮಗೆ ಚಿಂತೆ ಹುಟ್ಟಿಸಿದ ಸಂಗತಿ ಏನಾದರೂ ಇದೆಯೇ ಎಂದು ಕೇಳಬೇಕು.

ಅಧ್ಯಕ್ಷರು ಪ್ರವಾಸದಲ್ಲಿರುತ್ತಾರೆಂದು ಚೆಕ್‌ಗಳಿಗೆ ಮುಂಚಿತವಾಗಿ ಸಹಿ ಪಡೆದಿಡುತ್ತೇವೆ. ತಪ್ಪೇ?

ತಪ್ಪು, ಮತ್ತು ಈ ತಪ್ಪನ್ನು ನಾನೂ ಮಾಡಿದ್ದೇನೆ. ನಾನಿದ್ದ ಸಂಘದಲ್ಲಿ ಜಂಟಿ ಸಹಿಯ ನಿಯಮವಿತ್ತು. ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ತೊಂದರೆ ತಪ್ಪಲೆಂದು ನಾನು ಚೆಕ್ ಪುಸ್ತಕದ ಅಷ್ಟೂ ಹಾಳೆಗಳಿಗೆ ಒಮ್ಮೆಗೇ ಸಹಿ ಮಾಡಿ ಕೊಟ್ಟುಬಿಡುತ್ತಿದ್ದೆ. ಯಾರೂ ಹಣ ಕದಿಯಲಿಲ್ಲ. ಆದರೆ ಕಟ್ಟಡದ ಬಿಲ್ಲುಗಳ ಒತ್ತಡದಲ್ಲಿ, ನೌಕರರ ಸಂಬಳದಿಂದ ಮುರಿದುಕೊಂಡ ಭವಿಷ್ಯ ನಿಧಿಯ ಹಣವನ್ನು ಏಳು ತಿಂಗಳು ಕಟ್ಟದೆ ಗುತ್ತಿಗೆದಾರರಿಗೆ ಕೊಡಲಾಗಿತ್ತು. ನಿವೃತ್ತಿಯಾದ ಆಯಾ ಒಬ್ಬರು ತಮ್ಮ ಹಣ ಕೇಳಿ ಬಂದ ದಿನ ಅದು ತಿಳಿಯಿತು. ದಂಡ, ಬಡ್ಡಿ ಸೇರಿಸಿ ಕಟ್ಟಿದೆವು. ಆ ತಾಯಿಯ ಮುಂದೆ ನಿಂತು ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಪ್ರತಿ ಚೆಕ್ಕಿನ ಮೇಲೂ ನನ್ನ ಸಹಿಯಿತ್ತು. ಜಂಟಿ ಸಹಿ ಇರುವುದು ಎರಡನೆಯವರು ಬಿಲ್ಲನ್ನು ನೋಡಲಿ ಎಂದು. ಬರಲಾಗದಿದ್ದರೆ ಠರಾವು ಮಾಡಿ ಊರಲ್ಲೇ ಇರುವ ಇನ್ನೊಬ್ಬ ಸದಸ್ಯರ ಸಹಿಯನ್ನು ಬ್ಯಾಂಕಿಗೆ ಕೊಡಿ.

ಸದಸ್ಯರ ಬಂಧುಗಳಿಗೆ ಕೆಲಸವನ್ನೋ ಗುತ್ತಿಗೆಯನ್ನೋ ಕೊಡಬಹುದೇ?

ಸಣ್ಣ ಊರುಗಳಲ್ಲಿ ಎಲ್ಲರೂ ಹೇಗೋ ಬೀಗರೇ ಆಗಿರುತ್ತಾರೆ. ಸಂಬಂಧವೇ ಇಲ್ಲದವರನ್ನು ಹುಡುಕುವುದು ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ. ಆದ್ದರಿಂದ ಸಂಬಂಧವನ್ನು ಮುಚ್ಚಿಡಬಾರದು ಎಂಬುದೇ ಮೊದಲ ನಿಯಮವಾಗಲಿ. ಸದಸ್ಯರು ತಮ್ಮ ಸಂಬಂಧವನ್ನು ಸಭೆಯಲ್ಲಿ ತಾವಾಗಿ ಹೇಳಬೇಕು, ಆ ವಿಷಯ ಚರ್ಚೆಗೆ ಬಂದಾಗ ಎದ್ದು ಹೊರಗೆ ಹೋಗಬೇಕು, ಅವರು ಹೊರಗೆ ಹೋದರೆಂದು ನಡಾವಳಿಯಲ್ಲಿ ಬರೆಯಬೇಕು, ಬೇರೆಯವರ ದರಪಟ್ಟಿಗಳನ್ನೂ ತರಿಸಿ ಹೋಲಿಸಬೇಕು. ತೆರಿಗೆ ಕಾನೂನು ಇದರಲ್ಲಿ ಇನ್ನೂ ಬಿಗಿ. ಸ್ಥಾಪಕರು, ಟ್ರಸ್ಟಿಗಳು, ಅವರ ಸಂಬಂಧಿಗಳು ಸಂಸ್ಥೆಯಿಂದ ಸಲ್ಲದ ಲಾಭ ಪಡೆದರೆ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ 13ನೇ ಕಲಂನಿಂದ ನಡೆದುಬಂದ ತತ್ವ. ಮಾರುಕಟ್ಟೆಯ ದರಕ್ಕಿಂತ ಹೆಚ್ಚು ಬಾಡಿಗೆ ಕೊಟ್ಟು ಅಧ್ಯಕ್ಷರ ಕಟ್ಟಡದಲ್ಲೇ ಕಚೇರಿ ನಡೆಸುವುದು ಇದಕ್ಕೆ ಸರಿಯಾದ ಉದಾಹರಣೆ.

ಸದಸ್ಯರು ಪ್ರಯಾಣದ ಖರ್ಚು ಪಡೆಯಬಹುದೇ?

ಸಂಸ್ಥೆಯ ಕೆಲಸಕ್ಕೆ ಮಾಡಿದ ನಿಜವಾದ ಖರ್ಚನ್ನು, ಟಿಕೆಟ್ಟು ಅಥವಾ ರಸೀದಿ ತೋರಿಸಿ ಪಡೆಯಬಹುದು. ಸುರಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುವ ಕೂಲಿಕಾರ ಕುಟುಂಬದ ಸದಸ್ಯೆಗೆ ಆ ಖರ್ಚು ಕೊಡದಿದ್ದರೆ ಮಂಡಳಿ ಉಳ್ಳವರ ಕೂಟವಾಗುತ್ತದೆ. ಗೌರವಧನ ಎಂಬ ಹೆಸರಿನಲ್ಲಿ ತಿಂಗಳಿಗಿಷ್ಟು ಎಂದು ಕೊಡಲು ಆರಂಭಿಸುವುದು ಬೇರೆ ಮಾತು. ಟ್ರಸ್ಟ್ ಪತ್ರ ಅಥವಾ ನಿಯಮಾವಳಿ ಅದಕ್ಕೆ ಅವಕಾಶ ಕೊಡದಿದ್ದರೆ ಕೊಡುವಂತಿಲ್ಲ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಅಥವಾ ವಿದೇಶಿ ದೇಣಿಗೆ ಪಡೆಯುವಾಗ ಮಂಡಳಿ ಏನನ್ನು ನೋಡಬೇಕು?

ಹಣ ಬರುವ ಮೊದಲೇ ಷರತ್ತುಗಳನ್ನು ಓದಬೇಕು. ಸಿಎಸ್‌ಆರ್ ಹಣಕ್ಕೆ 2021ರ ಏಪ್ರಿಲ್ 1ರಿಂದ ಸಂಸ್ಥೆಗೆ ಸಿಎಸ್‌ಆರ್-1 ಎಂಬ ನಮೂನೆಯ ನೋಂದಣಿ ಬೇಕು. ವಿದೇಶಿ ದೇಣಿಗೆಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ದೆಹಲಿಯ ನಿಗದಿತ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೇ ಬರಬೇಕು, 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ ಮತ್ತು ಆ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಇವು ಕಾಗದದ ವಿಷಯ. ಯಾರಾದರೂ ತಿಳಿದವರು ಮಾಡಿಕೊಡುತ್ತಾರೆ. ಮಂಡಳಿಯೇ ಕೇಳಬೇಕಾದ ಪ್ರಶ್ನೆ ಬೇರೆ: ಈ ಹಣ ನಮ್ಮ ಉದ್ದೇಶಕ್ಕೆ ಬರುತ್ತಿದೆಯೇ, ಅಥವಾ ಹಣಕ್ಕಾಗಿ ನಾವು ಉದ್ದೇಶವನ್ನು ಬದಲಿಸುತ್ತಿದ್ದೇವೆಯೇ? ವಲಸೆ ಹೋಗುವವರ ಮಕ್ಕಳಿಗಾಗಿ ಹುಟ್ಟಿದ ಸಂಸ್ಥೆ, ಹಣ ಸಿಗುತ್ತದೆಂದು ಗಿಡ ನೆಡುವ ಯೋಜನೆ ಹಿಡಿದು, ಮಕ್ಕಳ ವಸತಿ ಶಾಲೆಗೆ ಜನ ಸಾಲದೆ ಮುಚ್ಚುವ ಸ್ಥಿತಿ ಬರಬಾರದು.

ಮಂಡಳಿಗೆ ಎಂಥವರನ್ನು ಸೇರಿಸಿಕೊಳ್ಳಬೇಕು?

ಲೆಕ್ಕ ಬಲ್ಲವರು ಒಬ್ಬರು, ಕಾನೂನು ಬಲ್ಲವರು ಒಬ್ಬರು, ಸಂಸ್ಥೆ ಮಾಡುವ ಕೆಲಸವನ್ನು ಬಲ್ಲವರು ಇಬ್ಬರಾದರೂ ಇರಲಿ. ಇದಕ್ಕಿಂತ ಮುಖ್ಯವಾಗಿ, ಸಂಸ್ಥೆ ಯಾರಿಗಾಗಿ ದುಡಿಯುತ್ತಿದೆಯೋ ಆ ಜನರ ನಡುವಿನಿಂದ ಬಂದವರು ಇರಬೇಕು. ತಾಂಡಾದ ಹೆಣ್ಣುಮಕ್ಕಳಿಗಾಗಿ ನಡೆಯುವ ವಸತಿ ನಿಲಯದ ಮಂಡಳಿಯಲ್ಲಿ ತಾಂಡಾದ ಒಬ್ಬ ತಾಯಿಯೂ ಇಲ್ಲದಿದ್ದರೆ, ಮಕ್ಕಳು ದೀಪಾವಳಿಗೆ ಊರಿಗೆ ಹೋದವರು ಏಕೆ ತಿರುಗಿ ಬರುವುದಿಲ್ಲ ಎಂಬುದನ್ನು ಆ ಮಂಡಳಿಗೆ ಯಾರು ಹೇಳಬೇಕು? ಕೋರಂ ತುಂಬಿಸಲು ಮನೆಯ ಹೆಂಗಸರ ಹೆಸರು ಬರೆದು ಅವರ ಬದಲು ಗಂಡಂದಿರು ಬಂದು ಕುಳಿತುಕೊಳ್ಳುವ ಪದ್ಧತಿಯನ್ನು ಕೂಡಲೇ ನಿಲ್ಲಿಸಬೇಕು. ಊರಿನ ಗಣ್ಯರ ಹೆಸರು ಬೇಕೆನಿಸಿದರೆ ಅವರನ್ನು ಪೋಷಕರು ಎಂದು ಕರೆಯಿರಿ. ಬರಲಾಗದವರನ್ನು ಸದಸ್ಯರನ್ನಾಗಿ ಮಾಡಬೇಡಿ.

ಅಧ್ಯಕ್ಷರು ಪೂಜ್ಯರು ಅಥವಾ ಬಹಳ ಹಿರಿಯರು. ಅವರನ್ನು ಪ್ರಶ್ನಿಸುವುದು ಹೇಗೆ?

ನಮ್ಮಲ್ಲಿ ಮಠಗಳು ಶಿಕ್ಷಣಕ್ಕೆ, ಅನ್ನಕ್ಕೆ ಮಾಡಿದ ಸೇವೆ ಅಪಾರ. ಅವರ ಎದುರು ಕುಳಿತು ಬುದ್ಧಿಯವರೇ, ಈ ಖರ್ಚು ಏಕೆ ಎಂದು ಕೇಳಲು ನಾಲಿಗೆ ತಡವರಿಸುವುದು ಸಹಜ. ಪ್ರಶ್ನೆ ವ್ಯಕ್ತಿಯ ಕಡೆಗೆ ಹೋಗದೆ ಕಾಗದದ ಕಡೆಗೆ ಹೋಗಲಿ. ಪ್ರತಿ ಸಭೆಯಲ್ಲೂ ಲೆಕ್ಕದ ಮಂಡನೆ ವಿಷಯಸೂಚಿಯ ಒಂದು ಕಾಯಂ ಅಂಶವಾದರೆ, ಇಂದು ಇವರನ್ನೇ ಏಕೆ ಕೇಳಿದಿರಿ ಎಂಬ ಮಾತು ಬರುವುದಿಲ್ಲ. ಹಿರಿಯರೇ ಮೊದಲು ತಮ್ಮ ಖರ್ಚಿನ ವೋಚರನ್ನು ಮುಂದಿಟ್ಟರೆ ಉಳಿದವರೆಲ್ಲ ತಾವಾಗಿ ಇಡುತ್ತಾರೆ. ಹಾಗೆ ಮಾಡಿದ ಹಿರಿಯರನ್ನು ನಾನು ಕಂಡಿದ್ದೇನೆ, ಅವರ ಮೇಲಿನ ನನ್ನ ಭಕ್ತಿ ಹೆಚ್ಚಿದೆ.

ಮಕ್ಕಳಿರುವ ಸಂಸ್ಥೆಗಳಲ್ಲಿ ಮಂಡಳಿಯ ಹೊಣೆ ಏನು?

ಇಲ್ಲಿ ರಾಜಿಗೆ ಜಾಗವಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ತಮ್ಮ ಕೈಕೆಳಗಿನವರ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಸಂಸ್ಥೆಯ ಹೆಸರು ಕೆಡುತ್ತದೆ, ಊರ ಹಿರಿಯರು ಕೂತು ಬಗೆಹರಿಸೋಣ ಎಂಬ ಮಾತು ಸಭೆಯಲ್ಲಿ ಬಂದರೆ ಅದನ್ನು ಅಲ್ಲೇ ತಡೆಯುವುದು ಪ್ರತಿ ಸದಸ್ಯರ ಕರ್ತವ್ಯ. ಮಕ್ಕಳ ಸಹಾಯವಾಣಿ 1098 ಅನ್ನು ಮಕ್ಕಳ ಕಣ್ಣಿಗೆ ಬೀಳುವ ಗೋಡೆಯ ಮೇಲೆ ಬರೆಸಿ, ಕಚೇರಿಯೊಳಗೆ ಅಲ್ಲ. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಗೆ 2015ರ ಬಾಲನ್ಯಾಯ ಕಾಯ್ದೆಯ ನೋಂದಣಿ ಕಡ್ಡಾಯ. ಹಾಗೆಯೇ 10 ಅಥವಾ ಹೆಚ್ಚು ನೌಕರರಿರುವ ಕಡೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಬೇಕು.

ನೌಕರರೊಬ್ಬರು ಮುಖ್ಯಸ್ಥರ ವಿರುದ್ಧ ದೂರು ಹೇಳಿಕೊಂಡು ನನ್ನ ಮನೆಗೇ ಬಂದರು. ಏನು ಮಾಡಲಿ?

ಕೇಳಿಸಿಕೊಳ್ಳಿ, ತೀರ್ಪು ಕೊಡಬೇಡಿ. ಬರವಣಿಗೆಯಲ್ಲಿ ಕೊಡಲು ಹೇಳಿ, ಅಧ್ಯಕ್ಷರಿಗೆ ತಲುಪಿಸಿ. ದೂರು ಹಣದ ದುರುಪಯೋಗದ್ದೋ ಕಿರುಕುಳದ್ದೋ ಆಗಿದ್ದರೆ, ಆ ನೌಕರರ ಕೆಲಸಕ್ಕೆ ತೊಂದರೆಯಾಗದಂತೆ ನೋಡಿಕೊಳ್ಳುವ ಹೊಣೆ ಮಂಡಳಿಯದು.

ಮಂಡಳಿಯೊಳಗೆ ಎರಡು ಗುಂಪುಗಳಾದರೆ?

ನಿಯಮಾವಳಿಯಂತೆ ಸರ್ವಸದಸ್ಯರ ಸಭೆ ಕರೆದು ಅಲ್ಲಿ ತೀರ್ಮಾನಿಸಿಕೊಳ್ಳುವುದು ಉತ್ತಮ ದಾರಿ. ಅದಾಗದಿದ್ದರೆ, 1960ರ ಕಾಯ್ದೆಯ 25ನೇ ಕಲಂ ಪ್ರಕಾರ ಮಂಡಳಿಯ ಬಹುಮತದ ಸದಸ್ಯರು ಅಥವಾ ಸಂಘದ ಮೂರನೇ ಒಂದು ಭಾಗದಷ್ಟು ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು, ತಾವಾಗಿಯೂ ನಡೆಸಬಹುದು. ಪರಿಸ್ಥಿತಿ ಕೈಮೀರಿದರೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಲು 27ಎ ಕಲಂನಲ್ಲಿ ಅವಕಾಶವಿದೆ. ಎರಡು ಗುಂಪುಗಳು ಎರಡು ನಡಾವಳಿ ಪುಸ್ತಕ ಬರೆದು ಬ್ಯಾಂಕಿಗೆ ಎರಡು ಠರಾವು ಕೊಟ್ಟರೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ, ಆ ತಿಂಗಳು ಸಂಬಳ ನಿಲ್ಲುವುದು ಅಡುಗೆಯವರದು, ಶಿಕ್ಷಕರದು. ಜಗಳದ ನಡುವೆಯೂ ಸಂಬಳದ ಚೆಕ್ಕಿಗೆ ಎರಡೂ ಕಡೆಯವರು ಸಹಿ ಮಾಡುತ್ತೇವೆಂದು ಮೊದಲೇ ಒಪ್ಪಂದ ಮಾಡಿಕೊಂಡ ಸಂಘವೊಂದನ್ನು ನಾನು ಬಲ್ಲೆ. ಅದರ ಶಾಲೆ ಒಂದು ದಿನವೂ ಮುಚ್ಚಲಿಲ್ಲ.

ಮಂಡಳಿಯನ್ನು ಬಿಡಬೇಕೆಂದಿದ್ದೇನೆ. ಹೇಗೆ ಬಿಡಲಿ?

ಸುಮ್ಮನೆ ಸಭೆಗೆ ಹೋಗುವುದನ್ನು ನಿಲ್ಲಿಸಬೇಡಿ. ದಾಖಲೆಯಲ್ಲಿ ನಿಮ್ಮ ಹೆಸರು ಇರುವವರೆಗೆ ಹೊಣೆಯೂ ನಿಮ್ಮ ಹೆಸರಿನಲ್ಲೇ ಇರುತ್ತದೆ. ದಿನಾಂಕ ಹಾಕಿ ರಾಜೀನಾಮೆ ಬರೆಯಿರಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ, ಅದನ್ನು ಅಂಗೀಕರಿಸಿದ ಠರಾವಿನ ಪ್ರತಿ ಕೇಳಿ. ನಿಮ್ಮ ಬಳಿ ಇರುವ ಪುಸ್ತಕ, ರಸೀದಿ, ಬೀಗದ ಕೈಗಳನ್ನು ಪಟ್ಟಿ ಮಾಡಿ ಒಪ್ಪಿಸಿ, ಪಟ್ಟಿಗೆ ಇಬ್ಬರ ಸಹಿ ಇರಲಿ. ಮುಂದಿನ ವಾರ್ಷಿಕ ಪಟ್ಟಿ ನೋಂದಣಾಧಿಕಾರಿ ಕಚೇರಿಗೆ ಹೋದಾಗ ಅದರಲ್ಲಿ ನಿಮ್ಮ ಹೆಸರು ಇಲ್ಲವೆಂದು ನೋಡಿಕೊಳ್ಳಿ. ಖಜಾಂಚಿ ಹುದ್ದೆ ಬಿಟ್ಟ ಮೇಲೆ ನಾನು ಬ್ಯಾಂಕಿಗೆ ಮೂರು ಸಲ ಹೋಗಬೇಕಾಯಿತು. ಸಹಿ ಬದಲಾದ ಸ್ವೀಕೃತಿಯ ಪ್ರತಿ ಕೈಗೆ ಬಂದದ್ದು ಮೂರನೇ ಸಲ, ಅದನ್ನು ಈಗಲೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.